ಕಿಡ್ನಿ ಡಾಕ್ಟರ್ ಕಿವಿಯ ಬಗ್ಗೆ ಯಾಕೆ ಕೇಳುತ್ತಾರೆ? ಆಲ್ಪೋರ್ಟ್ ಕಾಯಿಲೆ ಹುಟ್ಟುವ ಬಗೆ

ಏಳೆಂಟು ವರ್ಷದ ಹುಡುಗನಿಗೆ ನೆಗಡಿ, ಜ್ವರ. ಎರಡನೇ ದಿನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮನೆಯವರು ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ಮೂತ್ರ ಪರೀಕ್ಷೆಯಲ್ಲಿ ರಕ್ತಕಣ ಕಾಣುತ್ತದೆ. ಸ್ಕ್ಯಾನ್ ಮಾಡಿದರೆ ಕಲ್ಲಿಲ್ಲ, ಸೋಂಕೂ ಇಲ್ಲ. ಆಗ ಕಿಡ್ನಿ ಡಾಕ್ಟರ್ ತಾಯಿಯ ಕಡೆ ತಿರುಗಿ ಕೇಳುತ್ತಾರೆ: "ನಿಮ್ಮ ತವರಿನ ಕಡೆ ಯಾರಿಗಾದರೂ ಚಿಕ್ಕ ವಯಸ್ಸಿಗೇ ಕಿವಿ ಮಂದ ಆಗಿತ್ತಾ ಅಮ್ಮ? ಡಯಾಲಿಸಿಸ್ ಮಾಡಿಸಿಕೊಂಡವರು ಇದ್ದಾರಾ?"

ತಾಯಿಗೆ ಈ ಪ್ರಶ್ನೆಯ ತಲೆಬುಡ ಅರ್ಥವಾಗುವುದಿಲ್ಲ. ಮಗುವಿಗೆ ಬಂದಿರುವುದು ಮೂತ್ರದ ತೊಂದರೆ, ಇವರು ಕೇಳುತ್ತಿರುವುದು ಕಿವಿ ವಿಚಾರ. ಅದೂ ತವರಿನ ಕಡೆಯದ್ದು. ಆದರೆ ಆ ಒಂದು ಪ್ರಶ್ನೆಯಲ್ಲಿ ಆಲ್ಪೋರ್ಟ್ ಕಾಯಿಲೆಯ ಅರ್ಧ ಕಥೆ ಅಡಗಿದೆ. ಇದು ಹುಟ್ಟಿನಿಂದಲೇ ಬರುವ, ಕಿಡ್ನಿಯ ಸೋಸುವ ಪೊರೆಯನ್ನು ಹಾಳುಮಾಡುವ ಕಾಯಿಲೆ. ಇದು ಹೇಗೆ ಹುಟ್ಟುತ್ತದೆ ಅಂತ ತಿಳಿಯಬೇಕಾದರೆ ಮೊದಲು ಕಿಡ್ನಿ ಹೇಗೆ ಸೋಸುತ್ತದೆ ಅಂತ ನೋಡಬೇಕು.

ಸೋಸುವ ಪೊರೆ

ನಮ್ಮ ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ಸೋಸುಕಗಳಿವೆ. ಪ್ರತಿಯೊಂದೂ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಒಂದು ಸಣ್ಣ ಉಂಡೆ. ಡಾಕ್ಟರುಗಳು ಇದನ್ನು ಗ್ಲೊಮೆರುಲಸ್ ಅನ್ನುತ್ತಾರೆ. ರಕ್ತ ಒತ್ತಡದಿಂದ ಆ ಉಂಡೆಯೊಳಗೆ ನುಗ್ಗುತ್ತದೆ. ನೀರು, ಉಪ್ಪು, ಯೂರಿಯಾದಂಥ ಕಸ ನಾಳದ ಗೋಡೆಯಿಂದ ಆಚೆ ಜಿನುಗುತ್ತವೆ. ರಕ್ತಕಣ ಮತ್ತು ಪ್ರೊಟೀನ್ ಒಳಗೇ ಉಳಿಯುತ್ತವೆ.

ಹೀಗೆ ದಿನಕ್ಕೆ ಸುಮಾರು 180 ಲೀಟರ್ ಸೋಸಿ ಬರುತ್ತದೆ. ನಮ್ಮ ಮೈಯಲ್ಲಿ ರಕ್ತದ ನೀರಿನ ಭಾಗ ಇರುವುದೇ ಮೂರು ಲೀಟರ್ ಚಿಲ್ಲರೆ. ಅಂದರೆ ಅದೇ ನೀರು ದಿನಕ್ಕೆ ಅರವತ್ತು ಸಲ ಈ ಗೋಡೆ ದಾಟುತ್ತದೆ. ಅದರಲ್ಲಿ ಬಹುಪಾಲನ್ನು ಕಿಡ್ನಿ ಮತ್ತೆ ಹೀರಿಕೊಂಡು ರಕ್ತಕ್ಕೆ ಸೇರಿಸುತ್ತದೆ. ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಎರಡು ಲೀಟರ್ ಅಷ್ಟೇ.

ಈ ಗೋಡೆಗೆ ಮೂರು ಪದರ. ಒಳಗಡೆ ರಕ್ತನಾಳದ್ದೇ ತೂತು ತೂತಾದ ಒಳಪದರ. ಹೊರಗಡೆ ಪೋಡೋಸೈಟ್ ಅನ್ನುವ ಜೀವಕೋಶಗಳು. ಇವು ಬೆರಳಿಗೆ ಬೆರಳು ಹೆಣೆದ ಹಾಗೆ ನಾಳವನ್ನು ಸುತ್ತಲೂ ತಬ್ಬಿಕೊಂಡಿರುತ್ತವೆ. ಈ ಎರಡರ ನಡುವೆ ಒಂದು ತೆಳು ಪೊರೆ ಇದೆ. ಇದನ್ನು ತಳಪೊರೆ ಅಂತ ಕರೆಯೋಣ. ಇದು ಎಷ್ಟು ತೆಳ್ಳಗೆ ಅಂದರೆ, ಇಂಥ 3000 ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರ್ ದಪ್ಪ ಆದೀತು. ಇಷ್ಟು ತೆಳು ಪೊರೆ ದಿನವಿಡೀ, ಹುಟ್ಟಿದಾಗಿನಿಂದ ಸಾಯುವವರೆಗೆ, ರಕ್ತದ ಒತ್ತಡವನ್ನು ತಡೆದು ನಿಲ್ಲಬೇಕು. ಆಲ್ಪೋರ್ಟ್ ಕಾಯಿಲೆಯಲ್ಲಿ ಕೆಟ್ಟಿರುವುದು ಈ ತಳಪೊರೆಯ ನೇಯ್ಗೆ.

ಮೂರೆಳೆ ಜಡೆ

ತಳಪೊರೆಯನ್ನು ನೇಯುವ ನೂಲಿನ ಹೆಸರು ಕೊಲಾಜೆನ್. ಕೊಲಾಜೆನ್‌ನಲ್ಲಿ ಹಲವು ಬಗೆಗಳಿವೆ. ಚರ್ಮದಲ್ಲಿ, ಮೂಳೆಯಲ್ಲಿ ಇರುವುದು ಒಂದು ಬಗೆ, ತಳಪೊರೆಯಲ್ಲಿ ಇರುವುದು ಇನ್ನೊಂದು. ಇದಕ್ಕೆ ನಾಲ್ಕನೇ ಬಗೆಯ ಕೊಲಾಜೆನ್ ಅನ್ನುತ್ತಾರೆ. ಹಗ್ಗದ ಹಾಗೆ ಉದ್ದಕ್ಕೆ ಇರುವುದಲ್ಲ ಇದು. ಮೀನಿನ ಬಲೆಯ ಹಾಗೆ ಅಡ್ಡಡ್ಡ ಉದ್ದುದ್ದ ಹೆಣೆದುಕೊಳ್ಳುತ್ತದೆ.

ಬಲೆಯ ಒಂದೊಂದು ನೂಲನ್ನೂ ಹತ್ತಿರದಿಂದ ನೋಡಿದರೆ ಅದು ಮೂರೆಳೆ ಜಡೆ. ಕಿಡ್ನಿಯ ಸೋಸುವ ಪೊರೆಯಲ್ಲಿ ಆ ಮೂರು ಎಳೆಗಳ ಹೆಸರು ಆಲ್ಫಾ-3, ಆಲ್ಫಾ-4, ಆಲ್ಫಾ-5. ಮೂರೂ ಬೇರೆ ಬೇರೆ. ಮೂರೂ ಬೇಕು. ಒಂದು ಎಳೆ ಇಲ್ಲದಿದ್ದರೆ ಉಳಿದೆರಡರಿಂದ ಜಡೆ ಆಗುವುದಿಲ್ಲ. ಜೀವಕೋಶ ಆ ಎರಡನ್ನೂ ಸುಮ್ನೆ ಕಿತ್ತು ಬಿಸಾಡುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ. ಒಂದೇ ಜೀನ್‌ನಲ್ಲಿ, ಅಂದರೆ ಒಂದು ಎಳೆ ಮಾಡುವ ಬರಹದಲ್ಲಿ, ತಪ್ಪಿದ್ದರೂ ಇಡೀ ಪೊರೆ ಯಾಕೆ ಕೆಡುತ್ತದೆ ಅನ್ನುವುದಕ್ಕೆ ಇದೇ ಉತ್ತರ.

ಪ್ರತಿ ಎಳೆಯೂ 1600ಕ್ಕೂ ಹೆಚ್ಚು ಮಣಿಗಳನ್ನು ಪೋಣಿಸಿದ ಸರದ ಹಾಗೆ. ಮಣಿ ಅಂದರೆ ಅಮೈನೋ ಆಮ್ಲ. ಜಡೆಯಾಗುವ ಭಾಗದಲ್ಲಿ ಮಣಿಗಳಿಗೆ ಒಂದು ಕಟ್ಟುನಿಟ್ಟಿನ ಲೆಕ್ಕ ಇದೆ. ಪ್ರತಿ ಮೂರನೆಯ ಮಣಿ ಗ್ಲೈಸಿನ್ ಆಗಿರಬೇಕು. ಯಾಕೆಂದರೆ ಇರುವ ಎಲ್ಲ ಅಮೈನೋ ಆಮ್ಲಗಳಲ್ಲಿ ಗ್ಲೈಸಿನ್ ಅತಿ ಚಿಕ್ಕದು. ಎಳೆಗಳನ್ನು ಬಿಗಿಯಾಗಿ ಹೆಣೆದಾಗ ಪ್ರತಿ ಮೂರನೆಯ ಮಣಿ ಜಡೆಯ ಒಳಗಡೆಗೆ ಬರುತ್ತದೆ, ಅಲ್ಲಿ ಚೂರು ಪಾರು ಜಾಗ ಮಾತ್ರ ಇರುತ್ತದೆ. ಅಲ್ಲಿ ಗ್ಲೈಸಿನ್ ಬದಲು ದಪ್ಪ ಮಣಿ ಕೂತರೆ? ಜಡೆ ಹೆಣೆಯುವಾಗ ನಡುವೆ ಒಂದು ಕಡ್ಡಿ ಸಿಕ್ಕಿಕೊಂಡರೆ ಏನಾಗುತ್ತದೋ ಹಾಗೆ. ಆ ಜಾಗದಲ್ಲಿ ಉಬ್ಬುತ್ತದೆ, ಬಿಗಿ ತಪ್ಪುತ್ತದೆ, ಮುಂದಿನ ಹೆಣಿಗೆ ಸಡಿಲವಾಗುತ್ತದೆ. ಆಲ್ಪೋರ್ಟ್ ಕಾಯಿಲೆಯ ಕುಟುಂಬಗಳಲ್ಲಿ ಅತಿ ಸಾಮಾನ್ಯವಾಗಿ ಸಿಗುವ ತಪ್ಪು ಇದೇ. ಸಾವಿರದಾರುನೂರು ಮಣಿಗಳಲ್ಲಿ ಒಂದೇ ಒಂದು ಮಣಿ ಬೇರೆ.

ಇದಕ್ಕಿಂತ ಜೋರಾದ ತಪ್ಪುಗಳೂ ಇವೆ. ಕೆಲವರಲ್ಲಿ ಜೀನ್‌ನ ಬರಹ ಅರ್ಧಕ್ಕೇ ನಿಂತುಹೋಗುತ್ತದೆ. ಆಗ ಎಳೆ ತುಂಡು, ಇಲ್ಲವೇ ಎಳೆಯೇ ಇಲ್ಲ. ಯಾವ ಬಗೆಯ ತಪ್ಪು ಅನ್ನುವುದು ಕಾಯಿಲೆ ಎಷ್ಟು ಬೇಗ ಮುಂದುವರಿಯುತ್ತದೆ ಅನ್ನುವುದನ್ನು ನಿರ್ಧರಿಸುತ್ತದೆ. ಆಲ್ಫಾ-5 ಜೀನ್ ಕೆಟ್ಟಿರುವ ಗಂಡಸರಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ, ಎಳೆಯೇ ತುಂಡಾಗುವಂಥ ತಪ್ಪಿದ್ದವರ ಕಿಡ್ನಿ ಸರಾಸರಿ 25ನೇ ವಯಸ್ಸಿನ ಹೊತ್ತಿಗೆ ಕೈಕೊಟ್ಟಿತ್ತು. ಒಂದು ಮಣಿ ಮಾತ್ರ ಬದಲಾದವರಲ್ಲಿ ಆ ವಯಸ್ಸು 37 ಇತ್ತು. ಒಂದೇ ಹೆಸರಿನ ಕಾಯಿಲೆ ಎರಡು ಮನೆಗಳಲ್ಲಿ ಎರಡು ರೀತಿ ನಡೆಯುವುದು ಇದಕ್ಕೇ.

ಹುಟ್ಟಿದಾಗ ಮಗು ಚೆನ್ನಾಗಿರುವುದು ಹೇಗೆ?

ಪೊರೆಯ ನೂಲೇ ಸರಿಯಿಲ್ಲ ಅಂದಮೇಲೆ ಹುಟ್ಟಿದ ದಿನವೇ ಕಿಡ್ನಿ ಕೆಡಬೇಕಿತ್ತಲ್ವಾ? ಹಾಗಾಗುವುದಿಲ್ಲ. ಇದಕ್ಕೊಂದು ಕಾರಣ ಇದೆ.

ಗರ್ಭದಲ್ಲಿ ಕಿಡ್ನಿ ರೂಪುಗೊಳ್ಳುವಾಗ ದೇಹ ಮೊದಲು ಬೇರೆ ನೂಲಿನಿಂದ ಪೊರೆ ನೇಯುತ್ತದೆ. ಆಲ್ಫಾ-1 ಮತ್ತು ಆಲ್ಫಾ-2 ಎಳೆಗಳ ಜಡೆ ಅದು. ಮದುವೆ ಮನೆ ಮುಂದೆ ಹಾಕುವ ಚಪ್ಪರದ ಹಾಗೆ, ಆ ಹೊತ್ತಿಗೆ ಸಾಕು. ಸೋಸುಕ ಬಲಿಯುತ್ತಿದ್ದಂತೆ ಚಪ್ಪರ ತೆಗೆದು ಗಟ್ಟಿ ಚಾವಣಿ ಹೊದಿಸುತ್ತದೆ. ಆಲ್ಫಾ 3-4-5ರ ಜಡೆಯೇ ಆ ಗಟ್ಟಿ ಚಾವಣಿ. ಇದರ ಎಳೆಗಳ ನಡುವೆ ಗಂಟುಗಳು ಜಾಸ್ತಿ, ಹಾಗಾಗಿ ಒತ್ತಡವನ್ನು ಚೆನ್ನಾಗಿ ತಾಳುತ್ತದೆ.

ಆಲ್ಪೋರ್ಟ್ ಇರುವ ಮಗುವಿಗೆ ಗಟ್ಟಿ ಚಾವಣಿ ಹೊದಿಸುವ ಸಾಮಾನು ಇಲ್ಲ. ಹಾಗಾಗಿ ದೇಹ ಹಳೆಯ ಚಪ್ಪರವನ್ನೇ ಮುಂದುವರಿಸುತ್ತದೆ. ಅದು ಸೋಸುವ ಕೆಲಸವನ್ನೇನೋ ಮಾಡುತ್ತದೆ. ಆದರೆ ವರ್ಷಗಟ್ಟಲೆ ಒತ್ತಡ ಬಿದ್ದಾಗ ಸವೆಯುತ್ತದೆ, ಕೆಲವು ಕಡೆ ತೆಳ್ಳಗಾಗಿ ಸೀಳುತ್ತದೆ, ಕೆಲವು ಕಡೆ ದಪ್ಪಗಾಗಿ ಪದರ ಪದರ ಬಿಡುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇದು ಬುಟ್ಟಿ ಹೆಣೆದಂತೆ ಕಾಣುತ್ತದೆ. 1970ರ ದಶಕದ ಆರಂಭದಲ್ಲಿ ಈ ಚಿತ್ರ ಕಂಡಮೇಲೆಯೇ ಕೇಡು ತಳಪೊರೆಯಲ್ಲಿದೆ ಅನ್ನುವುದು ಸ್ಪಷ್ಟವಾಯಿತು.

ಸೀಳಿದ ಜಾಗದಿಂದ ಮೊದಲು ನುಸುಳುವುದು ರಕ್ತಕಣ. ಬರಿಗಣ್ಣಿಗೆ ಕಾಣದಷ್ಟು ರಕ್ತ ಮೂತ್ರದಲ್ಲಿ ಚಿಕ್ಕಂದಿನಿಂದಲೇ ಇರುತ್ತದೆ. ನೆಗಡಿ, ಜ್ವರ ಬಂದಾಗ ಜಾಸ್ತಿಯಾಗಿ ಬಣ್ಣ ತಿರುಗುತ್ತದೆ. ಆಮೇಲೆ ಕೆಲವು ವರ್ಷಗಳಿಗೆ ಪ್ರೊಟೀನ್ ಸೋರಲು ಶುರುವಾಗುತ್ತದೆ. ಆಗ ಮೂತ್ರ ನೊರೆನೊರೆಯಾಗುತ್ತದೆ. ಸೋರಿದ ಪ್ರೊಟೀನ್ ಮುಂದಿನ ನಳಿಕೆಗಳಿಗೆ ಹೊರೆ. ಪೋಡೋಸೈಟ್‌ಗಳು ಹಿಡಿತ ಬಿಟ್ಟು ಕಳಚಿ ಬೀಳುತ್ತವೆ. ಒಂದೊಂದೇ ಸೋಸುಕ ಗಾಯದ ಕಲೆಯಾಗಿ ಮುಚ್ಚಿಹೋಗುತ್ತದೆ. ಉಳಿದವುಗಳ ಮೇಲೆ ಕೆಲಸ ಜಾಸ್ತಿ, ಒತ್ತಡ ಜಾಸ್ತಿ. ಅವೂ ಬೇಗ ಸವೆಯುತ್ತವೆ. ರಕ್ತದೊತ್ತಡ ಏರುತ್ತದೆ. ಇಷ್ಟೆಲ್ಲ ಆಗುವಾಗಲೂ ಮಗುವಿಗೆ ನೋವಿರುವುದಿಲ್ಲ. ಆಟ, ಊಟ ಎಲ್ಲ ಸರಿಯಾಗಿಯೇ ಇರುತ್ತದೆ. ಈ ಕಾಯಿಲೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

ಕಿವಿಗೂ ಕಣ್ಣಿಗೂ ಏನು ಸಂಬಂಧ?

ಆಲ್ಫಾ 3-4-5ರ ಜಡೆ ಮೈಯಲ್ಲಿ ಎಲ್ಲ ಕಡೆ ಇರುವುದಿಲ್ಲ. ಕೆಲವೇ ಕೆಲವು ಜಾಗಗಳಲ್ಲಿದೆ. ಕಿಡ್ನಿ ಬಿಟ್ಟರೆ ಒಳಗಿವಿಯ ಶಂಖದಂಥ ಭಾಗದಲ್ಲಿ, ಕಣ್ಣಿನ ಮಸೂರದ ಚೀಲದಲ್ಲಿ ಮತ್ತು ರೆಟಿನಾದಲ್ಲಿ ಇದೆ. ನೂಲು ಒಂದೇ ಆದ್ದರಿಂದ ತಪ್ಪೂ ಅಲ್ಲೆಲ್ಲ ಕಾಣುತ್ತದೆ.

ಕಿವಿ ಹುಟ್ಟುವಾಗ ಸರಿಯಾಗಿಯೇ ಇರುತ್ತದೆ. ಸಾಮಾನ್ಯವಾಗಿ ಶಾಲೆಗೆ ಹೋಗುವ ವಯಸ್ಸಿನ ಕೊನೆಗೆ ಕೀರಲು ದನಿಗಳು ಮೊದಲು ಕೈಬಿಡುತ್ತವೆ. ಹಕ್ಕಿಯ ಚಿಲಿಪಿಲಿ, ಗಡಿಯಾರದ ಸಣ್ಣ ಬೀಪ್ ಶಬ್ದ ಇಂಥವು. ಮಾತು ಕೇಳಿಸುತ್ತಲೇ ಇರುತ್ತದೆ, ಆದ್ದರಿಂದ ಯಾರೂ ಗಮನಿಸುವುದಿಲ್ಲ. "ಕರೆದರೆ ಓ ಅನ್ನಲ್ಲ, ಗಮನವೇ ಇಲ್ಲ" ಅಂತ ಬೈಸಿಕೊಳ್ಳುವ ಮಕ್ಕಳಲ್ಲಿ ಇಂಥವರೂ ಇರಬಹುದು. ಕಣ್ಣಿನಲ್ಲಿ ಮಸೂರ ಮುಂದಕ್ಕೆ ಗೋಪುರದ ಹಾಗೆ ಉಬ್ಬುತ್ತದೆ. ಕನ್ನಡಕದ ನಂಬರು ಮತ್ತೆ ಮತ್ತೆ ಬದಲಾಗುತ್ತದೆ.

ಈ ನಂಟನ್ನು ಮೊದಲು ಜೋಡಿಸಿದವರು ಆರ್ಥರ್ ಸೆಸಿಲ್ ಆಲ್ಪೋರ್ಟ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯರು. ತಲೆಮಾರುಗಳಿಂದ ಮೂತ್ರದಲ್ಲಿ ರಕ್ತ ಹೋಗುತ್ತಿದ್ದ ಒಂದು ಇಂಗ್ಲಿಷ್ ಕುಟುಂಬದ ಬಗ್ಗೆ ಲಿಯೊನಾರ್ಡ್ ಗಥ್ರಿ ಅನ್ನುವ ವೈದ್ಯರು 1902ರಲ್ಲೇ ಬರೆದಿದ್ದರು. ಅದೇ ಕುಟುಂಬವನ್ನು ಆಲ್ಪೋರ್ಟ್ ಮತ್ತೆ ನೋಡಿ 1927ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎರಡು ಸಂಗತಿ ಬರೆದರು. ಒಂದು, ಮೂತ್ರದಲ್ಲಿ ರಕ್ತ ಹೋಗುವವರಲ್ಲಿ ಹಲವರಿಗೆ ಕಿವಿಯೂ ಕೇಳುವುದಿಲ್ಲ. ಎರಡು, ಗಂಡುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಸಾಯುತ್ತಾರೆ, ಹೆಣ್ಣುಮಕ್ಕಳು ಮುಪ್ಪಿನವರೆಗೂ ಬದುಕುತ್ತಾರೆ. ಈ ಎರಡನೆಯ ಮಾತಿಗೆ ಕಾರಣ ಸಿಕ್ಕಿದ್ದು 1990ರಲ್ಲಿ, ಆಲ್ಫಾ-5ರ ಜೀನ್‌ನಲ್ಲಿ ತಪ್ಪು ಪತ್ತೆಯಾದಾಗ. ಆ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ.

ತವರಿನ ಕಡೆಯ ಪ್ರಶ್ನೆ

ಜೀನ್ ಅಂದರೆ ಒಂದು ಪ್ರೊಟೀನ್ ಮಾಡುವ ಬರಹ. ಕ್ರೋಮೋಸೋಮ್ ಅಂದರೆ ಅಂಥ ಸಾವಿರಾರು ಬರಹಗಳಿರುವ ಪುಸ್ತಕ. ಹೆಂಗಸರಿಗೆ ಎರಡು ಎಕ್ಸ್ ಪುಸ್ತಕ, ಗಂಡಸರಿಗೆ ಒಂದು ಎಕ್ಸ್ ಮತ್ತು ಒಂದು ವೈ. ಗಂಡು ಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ.

ಹುಡುಗನ ಒಂದೇ ಎಕ್ಸ್‌ನಲ್ಲಿ ಆಲ್ಫಾ-5ರ ಬರಹ ತಪ್ಪಿದ್ದರೆ ನೋಡಿ ತಿದ್ದಿಕೊಳ್ಳಲು ಇನ್ನೊಂದು ಪ್ರತಿ ಇಲ್ಲ. ಅವನ ಕಿಡ್ನಿಯ ಪೊರೆಯೆಲ್ಲ ಕೆಟ್ಟ ನೂಲಿನದೇ. ಹಾಗಾಗಿ ಚಿಕಿತ್ಸೆ ಇಲ್ಲದೆ ಹೋದರೆ ಇಂಥ ಗಂಡಸರಲ್ಲಿ ಸುಮಾರು 90 ಶೇಕಡಾ ಮಂದಿಗೆ 40ನೇ ವಯಸ್ಸಿನ ಒಳಗೆ ಡಯಾಲಿಸಿಸ್ ಅಥವಾ ಕಸಿ ಬೇಕಾಗುತ್ತದೆ.

ತಾಯಿಯ ಬಳಿ ಎರಡು ಎಕ್ಸ್ ಇವೆ, ಒಂದು ಸರಿ, ಒಂದು ತಪ್ಪು. ಹೆಂಗಸರ ಪ್ರತಿ ಜೀವಕೋಶವೂ ಎರಡರಲ್ಲಿ ಒಂದು ಎಕ್ಸ್ ಅನ್ನು ಮುಚ್ಚಿಡುತ್ತದೆ. ಯಾವುದನ್ನು ಅನ್ನುವುದಕ್ಕೆ ಲೆಕ್ಕವಿಲ್ಲ. ಹಾಗಾಗಿ ಆಕೆಯ ಸೋಸುವ ಪೊರೆ ಕೌದಿಯ ಹಾಗೆ. ಒಂದು ತುಂಡು ಗಟ್ಟಿ ಬಟ್ಟೆ, ಪಕ್ಕದ್ದು ಜೀರ್ಣ ಬಟ್ಟೆ. ಗಟ್ಟಿ ತುಂಡುಗಳು ಜಾಸ್ತಿ ಇದ್ದವರು ಜೀವನವಿಡೀ ಚೆನ್ನಾಗಿರಬಹುದು. ಕಡಿಮೆ ಇದ್ದವರಿಗೆ ವಯಸ್ಸಾದಂತೆ ಕಿಡ್ನಿ ತೊಂದರೆ ಬರಬಹುದು. ಯೂರೋಪಿನ ಕುಟುಂಬಗಳ ಒಂದು ದೊಡ್ಡ ಅಧ್ಯಯನದಲ್ಲಿ ಇಂಥ ಹೆಂಗಸರಲ್ಲಿ ಸುಮಾರು 12 ಶೇಕಡಾ ಮಂದಿಗೆ 40ನೇ ವಯಸ್ಸಿನೊಳಗೆ, ಸುಮಾರು 30 ಶೇಕಡಾ ಮಂದಿಗೆ 60ರೊಳಗೆ ಕಿಡ್ನಿ ಕೈಕೊಟ್ಟಿತ್ತು. "ಹೆಂಗಸರಿಗೆ ಏನೂ ಆಗಲ್ಲ, ಅವರು ಬರೀ ಸಾಗಿಸುವವರು" ಅನ್ನುವ ಹಳೆಯ ಮಾತು ತಪ್ಪು. ಆ ಮಾತು ನಂಬಿ ಎಷ್ಟೋ ತಾಯಂದಿರು ತಮ್ಮ ಮೂತ್ರವನ್ನು ಒಮ್ಮೆಯೂ ಪರೀಕ್ಷೆ ಮಾಡಿಸಿಕೊಂಡಿರುವುದಿಲ್ಲ.

ಈಗ ಡಾಕ್ಟರ ಪ್ರಶ್ನೆಗೆ ಬನ್ನಿ. ತಾಯಿಗೆ ಆ ಎಕ್ಸ್ ಬಂದದ್ದು ಅವಳ ತಾಯಿಯಿಂದ ಆಗಿದ್ದರೆ, ಅದೇ ಎಕ್ಸ್ ಅವಳ ಅಣ್ಣತಮ್ಮಂದಿರಿಗೂ ಬಂದಿರಬಹುದು. ಅಂದರೆ ಮಗುವಿನ ಸೋದರಮಾವನಿಗೆ. ಪ್ರತಿಯೊಬ್ಬನಿಗೂ ಎರಡರಲ್ಲಿ ಒಂದು ಸಾಧ್ಯತೆ. ಕಿವಿಗೆ ಮಿಷನ್ ಹಾಕಿಕೊಂಡಿದ್ದ ಮಾವ, ಮೂವತ್ತಕ್ಕೆ ಮುಂಚೆ ತೀರಿಕೊಂಡ ಅಜ್ಜಿಯ ತಮ್ಮ, ಇಂಥ ಸುಳಿವುಗಳನ್ನೇ ಅವರು ಹುಡುಕುವುದು. ಕಾಯಿಲೆ ಇರುವ ಗಂಡಸಿನಿಂದ ಮಗನಿಗೆ ಇದು ಬರುವುದಿಲ್ಲ, ಮಗನಿಗೆ ಹೋಗುವುದು ವೈ. ಹೆಣ್ಣುಮಕ್ಕಳಿಗೆಲ್ಲ ಬಂದೇ ಬರುತ್ತದೆ.

ಕೆಲವು ಮಕ್ಕಳಲ್ಲಿ ಮನೆತನದಲ್ಲಿ ಯಾರಿಗೂ ಇಲ್ಲದೆ ತಪ್ಪು ಹೊಸದಾಗಿ ಹುಟ್ಟಿರುತ್ತದೆ. ತಾಯಿ ಗರ್ಭಿಣಿಯಾಗಿದ್ದಾಗ ತಿಂದದ್ದು, ಗ್ರಹಣ ನೋಡಿದ್ದು, ಉಪ್ಪು ಜಾಸ್ತಿ ಹಾಕಿದ್ದು ಇದಕ್ಕೆ ಕಾರಣ ಅಲ್ಲ. ಬರಹವನ್ನು ನಕಲು ಮಾಡುವಾಗ ಆದ ಒಂದಕ್ಷರದ ತಪ್ಪು, ಅಷ್ಟೇ. ನಮ್ಮೆಲ್ಲರ ಮೈಯಲ್ಲೂ ಇಂಥ ತಪ್ಪುಗಳಿವೆ. ಹೆಚ್ಚಿನವು ಯಾರ ಕಣ್ಣಿಗೂ ಬೀಳದ ಜಾಗದಲ್ಲಿರುತ್ತವೆ.

ಸಂಬಂಧದಲ್ಲಿ ಮದುವೆಯಾದಾಗ

ಆಲ್ಫಾ-3 ಮತ್ತು ಆಲ್ಫಾ-4ರ ಜೀನ್‌ಗಳು ಎಕ್ಸ್‌ನಲ್ಲಿಲ್ಲ, ಎರಡನೇ ಕ್ರೋಮೋಸೋಮಿನಲ್ಲಿವೆ. ಅದು ಗಂಡು ಹೆಣ್ಣು ಎಲ್ಲರಿಗೂ ಎರಡೆರಡು. ಒಂದು ಪ್ರತಿ ಮಾತ್ರ ತಪ್ಪಿದ್ದರೆ ಪೊರೆ ಸ್ವಲ್ಪ ತೆಳ್ಳಗಿರುತ್ತದೆ, ಮೂತ್ರದಲ್ಲಿ ಕಣ್ಣಿಗೆ ಕಾಣದ ರಕ್ತ ಇರಬಹುದು. ಜಗತ್ತಿನಲ್ಲಿ ಸುಮಾರು ನೂರರಲ್ಲಿ ಒಬ್ಬರು ಹೀಗಿರಬಹುದು ಅನ್ನುವುದು ಜೀನ್ ಮಾಹಿತಿಯಿಂದ ಸಿಕ್ಕ ಅಂದಾಜು. ಇವರಲ್ಲಿ ಬಹಳ ಮಂದಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಮಾತ್ರ ನಡುವಯಸ್ಸಿನ ನಂತರ ತೊಂದರೆ ಬರುತ್ತದೆ.

ಎರಡೂ ಪ್ರತಿ ತಪ್ಪಿದ್ದರೆ ಕಾಯಿಲೆ ಜೋರು. ಹುಡುಗಿಯರಿಗೂ ಹುಡುಗರಷ್ಟೇ ಜೋರು. ತಂದೆಗೂ ತಾಯಿಗೂ ಒಂದೊಂದು ತಪ್ಪು ಪ್ರತಿ ಇದ್ದಾಗ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಹೀಗಾಗುತ್ತದೆ.

ಇಲ್ಲಿ ನಮ್ಮ ಕರ್ನಾಟಕದ ಮಾತು ಬರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗುತ್ತದೆ. ಒಬ್ಬನಲ್ಲಿ ಒಂದು ತಪ್ಪು ಪ್ರತಿ ಇದೆ ಅಂದುಕೊಳ್ಳಿ. ಅಕ್ಕನ ಮಗಳಲ್ಲೂ ಅದೇ ತಪ್ಪು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರತ್ತೆಯ ಮಗಳಲ್ಲಿ ಎಂಟರಲ್ಲಿ ಒಂದು. ಸಂಬಂಧವೇ ಇಲ್ಲದ ಹುಡುಗಿಯಲ್ಲಿ ಇದಕ್ಕಿಂತ ತುಂಬಾ ಕಡಿಮೆ. ಸಂಬಂಧದಲ್ಲಿ ಮದುವೆಯಾದ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆಯಲ್ಲಿ ಆಗಲೇ ಒಬ್ಬರಿಗೆ ಈ ಕಾಯಿಲೆ ಇದ್ದರೆ, ಒಳಗೊಳಗೇ ಮದುವೆ ಮಾತು ಎತ್ತುವ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸುವುದು ಒಳ್ಳೆಯದು. ಸಂಬಂಧದಲ್ಲಿ ಮದುವೆಯಾದ ತಂದೆತಾಯಿಯ ಮಗಳಿಗೆ ಮೂತ್ರದಲ್ಲಿ ರಕ್ತ, ಕಿವಿ ಮಂದ ಎರಡೂ ಕಂಡರೆ "ಹುಡುಗಿಗೆ ಆಲ್ಪೋರ್ಟ್ ಬರಲ್ಲ" ಅಂತ ಬಿಟ್ಟುಬಿಡಬಾರದು.

ಕಾರಣ ಗೊತ್ತಾದರೆ ಏನು ಉಪಯೋಗ?

ಮೂತ್ರದಲ್ಲಿ ರಕ್ತ ಕಂಡವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ಕಲ್ಲು, ಸೋಂಕು, ಐಜಿಎ ನೆಫ್ರೋಪತಿ ಅನ್ನುವ ಬೇರೆ ಕಿಡ್ನಿ ಕಾಯಿಲೆ, ಹೀಗೆ ಹಲವು ಕಾರಣ ಇರಬಹುದು. ಅದಕ್ಕೇ ಜೀನ್ ಪರೀಕ್ಷೆ. ಇದಕ್ಕೆ ರಕ್ತ ಕೊಟ್ಟರೆ ಸಾಕು. ವರದಿಯಲ್ಲಿ ಸಿಒಎಲ್4ಎ3, ಸಿಒಎಲ್4ಎ4, ಸಿಒಎಲ್4ಎ5 ಅಂತ ಬರೆದಿದ್ದರೆ ಅವು ಕ್ರಮವಾಗಿ ಆಲ್ಫಾ-3, 4, 5ರ ಜೀನ್‌ಗಳು. ಕಾರಣ ಹೀಗೆ ಖಚಿತವಾದರೆ ಎಷ್ಟೋ ಮಕ್ಕಳಿಗೆ ಕಿಡ್ನಿಗೆ ಸೂಜಿ ಚುಚ್ಚುವ ಬಯಾಪ್ಸಿ ತಪ್ಪುತ್ತದೆ. ಬೇಡದ ಸ್ಟೀರಾಯ್ಡ್ ಕೂಡ ತಪ್ಪುತ್ತದೆ.

ಕೆಟ್ಟ ನೂಲನ್ನು ಸರಿಮಾಡುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಆದರೆ ಚಪ್ಪರದ ಮೇಲೆ ಬೀಳುವ ಭಾರ ಇಳಿಸಬಹುದು. ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳು ಸೋಸುಕದ ಉಂಡೆಯಿಂದ ರಕ್ತ ಹೊರಹೋಗುವ ದಾರಿಯನ್ನು ಅಗಲ ಮಾಡುತ್ತವೆ. ಒಳಗಿನ ಒತ್ತಡ ಇಳಿಯುತ್ತದೆ. ಯೂರೋಪಿನಲ್ಲಿ ಆಲ್ಪೋರ್ಟ್ ಕುಟುಂಬಗಳ ದಾಖಲೆ ಇಟ್ಟು 2012ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಮಾತ್ರೆ ತಗೊಳ್ಳದವರಲ್ಲಿ ಅರ್ಧದಷ್ಟು ಮಂದಿ 22ನೇ ವಯಸ್ಸಿಗೆ ಡಯಾಲಿಸಿಸ್ ಮುಟ್ಟಿದ್ದರು. ಕಿಡ್ನಿ ಸಾಕಷ್ಟು ಕೆಟ್ಟಮೇಲೆ ಶುರುಮಾಡಿದವರಲ್ಲಿ ಅದು 25. ಪ್ರೊಟೀನ್ ಸೋರಲು ಶುರುವಾದ ಹಂತದಲ್ಲೇ ಶುರುಮಾಡಿದವರಲ್ಲಿ 40. ಮಾತ್ರೆ ಅದೇ ಬಗೆಯದು, ಶುರುಮಾಡಿದ ಹೊತ್ತು ಬೇರೆ. ಬಸಿರಾಗುವ ಯೋಚನೆ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಈ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

ಕಿಡ್ನಿ ಕಸಿ ಮಾಡಿದರೆ ಹೊಸ ಕಿಡ್ನಿಗೆ ಆಲ್ಪೋರ್ಟ್ ಬರುವುದಿಲ್ಲ. ಅದರ ನೂಲು ಕೊಟ್ಟವರದು. ಬೆರಳೆಣಿಕೆಯ ಮಂದಿಯಲ್ಲಿ ಮಾತ್ರ ದೇಹ ಆವರೆಗೆ ನೋಡದ ಆ ಗಟ್ಟಿ ನೂಲನ್ನು ಪರಕೀಯ ಅಂತ ತಿಳಿದು ದಾಳಿ ಮಾಡುತ್ತದೆ.

ಇನ್ನು ಕಿಡ್ನಿ ಕೊಡುವ ಮಾತು. ನಮ್ಮ ಕಡೆ ಮಗನಿಗೆ ಕಿಡ್ನಿ ಬೇಕು ಅಂದರೆ ಮೊದಲು ಮುಂದೆ ಬರುವವಳು ತಾಯಿ. ಅವಳಿಲ್ಲದಿದ್ದರೆ ಅಕ್ಕ. ಆಲ್ಪೋರ್ಟ್‌ನಲ್ಲಿ ಆ ತಾಯಿಯ ಕಿಡ್ನಿಯೂ ಕೌದಿಯೇ ಆಗಿರಬಹುದು. ಎರಡು ಕಿಡ್ನಿಗಳ ಮೇಲೆ ಹೇಗೋ ನಡೆಯುತ್ತಿದ್ದ ಬದುಕು ಒಂದೇ ಕಿಡ್ನಿಯ ಮೇಲೆ ನಿಂತರೆ ಅವಳೇ ಮುಂದೆ ಡಯಾಲಿಸಿಸ್‌ಗೆ ಬರುವ ಅಪಾಯ ಇದೆ. ಹಾಗಾಗಿ ಜೀನ್ ಪರೀಕ್ಷೆ ಆಗದೆ ತಾಯಿಯ ಕಿಡ್ನಿ ತೆಗೆಯುವ ನಿರ್ಧಾರಕ್ಕೆ ಬರಬಾರದು. ತಂದೆಯ ಕಡೆಯವರನ್ನು ಕೇಳಬಹುದು. ಮೆದುಳು ಸತ್ತವರಿಂದ ಬರುವ ಕಿಡ್ನಿಗಾಗಿ ರಾಜ್ಯದ ಜೀವಸಾರ್ಥಕತೆ ಪಟ್ಟಿಯಲ್ಲಿ ಹೆಸರು ಬರೆಸಬಹುದು.

ಇಷ್ಟು ದೂರ ಹೋಗುವ ಮುಂಚೆ ಮಾಡಬಹುದಾದದ್ದು ತುಂಬಾ ಚಿಕ್ಕದು. ಮಗನ ಮೂತ್ರದ ಬಾಟಲಿಯ ಜೊತೆ ತಾಯಿಯದು, ಅಕ್ಕತಂಗಿಯರದು, ತವರಿನ ಅಣ್ಣತಮ್ಮಂದಿರದು ಪರೀಕ್ಷೆಗೆ ಹೋಗಬೇಕು. ಕಾಗದದ ಸಣ್ಣ ಪಟ್ಟಿಯನ್ನು ಮೂತ್ರಕ್ಕೆ ಅದ್ದಿದರೆ ರಕ್ತ ಇದೆಯೇ, ಪ್ರೊಟೀನ್ ಇದೆಯೇ ಅಂತ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಪಟ್ಟಿಯ ಬಣ್ಣ ತಿರುಗಿದವರಿಗೆ ಆಮೇಲೆ ವರ್ಷಕ್ಕೊಮ್ಮೆ ಅದೇ ಪರೀಕ್ಷೆ, ಜೊತೆಗೆ ಬಿಪಿ ಮತ್ತು ಕಿವಿ ಪರೀಕ್ಷೆ ಆಗಬೇಕು.